ಬುಸಾನಿನಲ್ಲಿ ಮಗಳಿಲ್ಲದ ಹಗಲು

ಮಗಳ ಮೆಸೇಜು ಬಂದಾಗ ನಾನು ಸ್ನಾನ ಮುಗಿಸಿ, ಜಡೆ ಹಾಕಿಕೊಂಡು, ಶೂ ಕೂಡ ಕಟ್ಟಿಕೊಂಡು ಹೋಟೆಲಿನ ಮಂಚದ ತುದಿಯಲ್ಲಿ ಕೂತಿದ್ದೆ. ಬೆಳಿಗ್ಗೆ ಒಂದೇ ಕ್ಲಾಸು, ಮುಗಿಸಿಕೊಂಡು ನೇರ ಬರುತ್ತೇನೆ, ಇಡೀ ದಿನ ಊರು ತೋರಿಸುತ್ತೇನೆ ಎಂದು ಹಿಂದಿನ ಸಂಜೆ ಏರ್‌ಪೋರ್ಟಿನಲ್ಲಿ ಅವಳೇ ಹೇಳಿದ್ದಳು. ಈಗ ಬೇರೆಯೇ ಬರೆದಿದ್ದಳು. ಮಧ್ಯಾಹ್ನ ಇನ್ನೊಂದು ಕ್ಲಾಸು ಬಂದಿದೆಯಂತೆ, ಆಮೇಲೆ ಗೆಳೆಯರೆಲ್ಲ ಸೇರಿ ಒಂದು ಪ್ರೆಸೆಂಟೇಶನ್ ತಯಾರು ಮಾಡಬೇಕಂತೆ, ಸಂಜೆ ಆರಕ್ಕೆ ಸಿಗುತ್ತಾಳಂತೆ. ಅಷ್ಟೂ ಇಂಗ್ಲಿಷಿನಲ್ಲಿ. ಕೊನೆಗೊಂದು ಅಪ್ಪಣೆ ಬೇರೆ: ಅಮ್ಮಾ, ರೂಮಿನಲ್ಲೇ ಕೂತಿರಬೇಡ, ಹೋಗಿ ಊರು ನೋಡು.

ಅದು ಥ್ಯಾಂಕ್ಸ್‌ಗಿವಿಂಗ್ ವಾರ. ಅಮೆರಿಕದ ನಮ್ಮೂರು ಸನ್ನಿವೇಲಿನಲ್ಲಿ ನಮಗೆಲ್ಲ ಹಬ್ಬದ ರಜೆ, ಕೊರಿಯಾದಲ್ಲಿ ಅದೊಂದು ಮಾಮೂಲಿ ಮಂಗಳವಾರ. ಮಗಳು ಕ್ಯಾಲಿಫೋರ್ನಿಯಾದಲ್ಲಿ ಕಾಲೇಜಿನ ಮೂರನೆಯ ವರ್ಷದಲ್ಲಿದ್ದಳು. ಒಂದು ಸೆಮಿಸ್ಟರ್ ಓದಲೆಂದು ಬುಸಾನಿಗೆ ಬಂದಿದ್ದಳು. ನೋಡಿಕೊಂಡು ಬರೋಣ ಎಂದು ನಾನೂ ನನ್ನ ಗಂಡನೂ ಟಿಕೆಟ್ ತೆಗೆದಿದ್ದೆವು. ಹೊರಡುವ ವಾರದಲ್ಲಿ ಅವರ ಆಫೀಸಿನಲ್ಲಿ ಏನೋ ಎಡವಟ್ಟಾಗಿ ಅವರು ಉಳಿದರು. ನಾನೊಬ್ಬಳೇ ಬಂದೆ.

ಒಬ್ಬಳೇ ಎನ್ನುವ ಮಾತು ನನಗೆ ಅಷ್ಟು ಪರಿಚಯದ್ದಲ್ಲ. ಮೈಸೂರಿನ ತವರಿನಿಂದ ಹಾಸ್ಟೆಲಿಗೆ ಹೋದೆ, ಅಲ್ಲಿ ಒಂದು ಕೋಣೆಯಲ್ಲಿ ಮೂವರಿದ್ದೆವು. ಹಾಸ್ಟೆಲಿನಿಂದ ಮದುವೆ, ಮದುವೆಯಿಂದ ಸನ್ನಿವೇಲ್. ಆಫೀಸಿನ ಕೆಲಸಕ್ಕೆ ಬೇರೆ ಊರುಗಳಿಗೆ ಹೋಗಿದ್ದುಂಟು, ಆದರೆ ಆಗ ನನ್ನ ದಿನವನ್ನು ಯಾರೋ ಮೊದಲೇ ತುಂಬಿಟ್ಟಿರುತ್ತಿದ್ದರು. ಮನೆಯಲ್ಲೂ ಹಾಗೆಯೇ. ಮೆನ್ಲೋ ಪಾರ್ಕಿನ ಆಫೀಸಿಗೆ ಫ್ರೀವೇಯಲ್ಲಿ ತೆವಳಿಕೊಂಡು ಹೋಗುವಾಗಲೇ ಮೊದಲನೆಯ ಮೀಟಿಂಗು ಶುರು; ವಾಪಸು ಬರುವಾಗ ಗ್ರೋಸರಿ; ಭಾನುವಾರ ದೇವಸ್ಥಾನ, ಯಾರದಾದರೂ ಮನೆಯ ಊಟ. ಖಾಲಿ ದಿನ ಸಿಕ್ಕರೆ ಏನೇನು ಮಾಡುತ್ತೇನೆ ಎಂದು ಎಷ್ಟೋ ಸಲ ಯೋಚಿಸಿದ್ದೆ. ಈಗ ಅಂಥ ದಿನ ಎದುರಿಗೆ ನಿಂತಿತ್ತು, ನನಗೆ ಕೈಕಾಲೇ ಆಡಲಿಲ್ಲ.

ಗಂಡನಿಗೆ ಫೋನ್ ಮಾಡಿದೆ.

"ಅವಳು ಸಂಜೆವರೆಗೂ ಬರಲ್ವಂತೆ ಕಣ್ರೀ."

"ಒಳ್ಳೇದೇ ಆಯ್ತಲ್ಲ. ಆರಾಮಾಗಿ ಸುತ್ತಾಡು. ಬೀಚಲ್ಲಿ ಕೂತ್ಕೋ."

"ಎಷ್ಟೊತ್ತು ಅಂತ ಕೂತ್ಕೊಳ್ಲಿ?"

"ನಿಂಗೆ ಕೂತ್ಕೊಳ್ಳೋಕೂ ಒಂದು ಮೀಟಿಂಗ್ ಇನ್ವೈಟ್ ಬೇಕೇನೇ?" ಎಂದು ನಕ್ಕು ಫೋನ್ ಇಟ್ಟರು.

ಕಡಲು ಹೋಟೆಲಿನಿಂದ ಎರಡು ರಸ್ತೆ ಆಚೆ. ಮರಳು ಬೆಳ್ಳಗೆ, ಬಾಚಣಿಗೆಯಲ್ಲಿ ಬಾಚಿದ ಹಾಗೆ ಗೀರುಗೀರಾಗಿತ್ತು. ಹಿಂದೆ ಗಾಜಿನ ಗೋಪುರಗಳು ಮೋಡಕ್ಕೆ ತಾಗಿಕೊಂಡು ನಿಂತಿದ್ದವು. ಚಳಿಗಾಲದ ಬಿಸಿಲಿಗೆ ಮುಖ ಕೊಟ್ಟು ಜನ ಬೆಂಚುಗಳ ಮೇಲೆ ಸುಮ್ಮನೆ ಕೂತಿದ್ದರು. ನಾನೂ ಒಂದು ಬೆಂಚು ಹಿಡಿದೆ. ಮೊಬೈಲು ನೋಡಿದೆ, ಚೀಲದಲ್ಲಿಟ್ಟೆ, ಮತ್ತೆ ತೆಗೆದೆ. ಸನ್ನಿವೇಲಿನಲ್ಲಿ ಒಲೆ ಆರಿಸಿದ್ದೆನೇ ಎಂಬ ಅನುಮಾನ ಬಂತು. ಅಲ್ಲಿ ಗಂಡ ಇದ್ದಾರೆ ಎಂದು ಆಮೇಲೆ ನೆನಪಾಯಿತು. ಎದ್ದು ಕಡಲ ದಂಡೆಯ ಈ ತುದಿಯಿಂದ ಆ ತುದಿಯವರೆಗೆ ನಡೆದೆ, ತಿರುಗಿ ಬಂದೆ. ಅಗಲವಾದ ಟೋಪಿ ಹಾಕಿದ ಮೂವರು ಅಜ್ಜಿಯರು ಚಪ್ಪಾಳೆ ತಟ್ಟುತ್ತ, ಹಿಮ್ಮುಖವಾಗಿ ನಡೆಯುತ್ತ ವ್ಯಾಯಾಮ ಮಾಡುತ್ತಿದ್ದರು. ಅವರ ದಾರಿಗೆ ಅಡ್ಡ ಬಂದು ಒಬ್ಬರಿಗೆ ಡಿಕ್ಕಿ ಹೊಡೆಯುವುದರಲ್ಲಿದ್ದೆ. ಅವರು ನನ್ನ ತೋಳು ಹಿಡಿದು ಪಕ್ಕಕ್ಕೆ ಸರಿಸಿ, ಬೆನ್ನು ತಟ್ಟಿ, ಹಿಂದಕ್ಕೆ ನಡೆದೇಹೋದರು.

ಅಲ್ಲಿಂದ ಮೆಟ್ರೋ ಹತ್ತಿ ಊರಿನ ಹಳೆಯ ಭಾಗಕ್ಕೆ ಹೋದೆ. ದೊಡ್ಡ ಮೀನು ಮಾರುಕಟ್ಟೆ ನೋಡಲೇಬೇಕು ಎಂದು ಎಲ್ಲೋ ಓದಿದ್ದೆ. ಹುಟ್ಟಿದಾಗಿನಿಂದ ಮೀನು ತಿನ್ನದವಳಿಗೆ ಅಲ್ಲೇನು ಕೆಲಸ ಎಂದು ಬಾಗಿಲವರೆಗೂ ಹೊಳೆಯಲಿಲ್ಲ. ಒಳಗೆ ನೀರಿನ ತೊಟ್ಟಿಗಳಲ್ಲಿ ಎಂಟು ಕಾಲಿನ ಆಕ್ಟೋಪಸ್ಸುಗಳು ಗಾಜಿಗೆ ಅಂಟಿಕೊಂಡು ಮೇಲೆ ಹತ್ತುತ್ತಿದ್ದವು. ರಬ್ಬರ್ ಬೂಟು ತೊಟ್ಟ ಹೆಂಗಸೊಬ್ಬಳು ಒಂದನ್ನು ಕಿತ್ತು ಮತ್ತೆ ನೀರಿಗೆ ಹಾಕಿ ನನ್ನ ಕಡೆ ನೋಡಿ ನಕ್ಕಳು. ನಾನು ಸೆರಗಿಲ್ಲದಿದ್ದರೂ ಸೆರಗು ಹುಡುಕಿದೆ. ಕೊನೆಗೆ ಜಾಕೆಟ್ಟಿನ ಕಾಲರು ಮೂಗಿಗೆ ಹಿಡಿದು ಹೊರಬಂದೆ.

ರಸ್ತೆಯ ಆಚೆ ಬದಿ ತಳ್ಳುಗಾಡಿಗಳ ಸಾಲು. ಒಂದು ಗಾಡಿಯ ಮುಂದೆ ಉದ್ದದ ಕ್ಯೂ. ಮುದುಕನೊಬ್ಬ ಹಿಟ್ಟಿನ ಉಂಡೆಯೊಳಗೆ ಕಂದು ಸಕ್ಕರೆ ತುಂಬಿ, ತಟ್ಟಿ, ಎಣ್ಣೆಯಲ್ಲಿ ಕರಿಯುತ್ತಿದ್ದ. ಬೆಂದದ್ದರ ಹೊಟ್ಟೆ ಕತ್ತರಿಯಿಂದ ಸೀಳಿ ಒಂದು ಹಿಡಿ ಸೂರ್ಯಕಾಂತಿ ಬೀಜ, ಕಡಲೆಕಾಯಿ ಚೂರು ತುರುಕಿ ಕಾಗದದ ಲೋಟದಲ್ಲಿ ಇಟ್ಟುಕೊಡುತ್ತಿದ್ದ. ನೋಡಿದರೆ ನಮ್ಮ ಹೋಳಿಗೆಯ ದೂರದ ನೆಂಟ. ಮಗಳು ನನ್ನ ಫೋನಿನಲ್ಲಿ ಕೊರಿಯನ್ ಭಾಷೆಯ ಒಂದು ವಾಕ್ಯ ಬರೆದುಕೊಟ್ಟಿದ್ದಳು: ನಾನು ಮಾಂಸ, ಮೀನು, ಮೊಟ್ಟೆ ತಿನ್ನುವುದಿಲ್ಲ. ಅದನ್ನು ತೋರಿಸಿದೆ. ಮುದುಕ ಓದಿ, ತೊಂದರೆಯಿಲ್ಲ ಎನ್ನುವಂತೆ ಕೈಯಾಡಿಸಿದ. ಆರಲಿ ಎಂದು ಎಲ್ಲರೂ ಊದಿಕೊಂಡು ನಿಂತಿದ್ದರು. ನನಗೆ ಅಷ್ಟು ತಾಳ್ಮೆಯೆಲ್ಲಿ? ಕಚ್ಚಿದೆ. ಕಾದ ಪಾಕ ನಾಲಿಗೆ ಸುಟ್ಟು, ಗದ್ದಕ್ಕಿಳಿದು, ಜಾಕೆಟ್ಟಿನ ಮೇಲೆ ಬಿತ್ತು.

ಮಧ್ಯಾಹ್ನದ ಹೊತ್ತಿಗೆ ಒಂದು ಬಸ್ಸು ಹಿಡಿದು ಗುಡ್ಡದ ಮೇಲಿನ ಬಣ್ಣಬಣ್ಣದ ಮನೆಗಳ ಓಣಿಗೂ ಹೋಗಿದ್ದೆ. ತಿರುವಿನಲ್ಲಿ ಬಸ್ಸು ವಾಲಿದಾಗಲೆಲ್ಲ ನಾನು ಕಂಬಿಗೆ ಜೋತುಬೀಳುತ್ತಿದ್ದೆ, ಪಕ್ಕದಲ್ಲಿದ್ದ ಅಜ್ಜ ಕಣ್ಣುಮುಚ್ಚಿ ಸುಖವಾಗಿ ನಿದ್ದೆ ಮಾಡುತ್ತಿದ್ದ. ಮೇಲೆ ನಿಂತರೆ ನೀಲಿ, ಹಳದಿ, ಗುಲಾಬಿ ಸೂರುಗಳು ಮೆಟ್ಟಿಲು ಮೆಟ್ಟಿಲಾಗಿ ಇಳಿದು ಬಂದರಿಗೆ ಸೇರುತ್ತವೆ. ಚೆಂದವಿತ್ತು. ಯಾರಿಗಾದರೂ "ನೋಡಿಲ್ಲಿ" ಎನ್ನಬೇಕೆನಿಸುವಷ್ಟು ಚೆಂದವಿತ್ತು. ತಾನೂ ಒಬ್ಬಳೇ ಬಂದಿದ್ದ ಹುಡುಗಿಯೊಬ್ಬಳು ತನ್ನದೊಂದು ಫೋಟೋ ತೆಗೆಸಿಕೊಂಡು, ನನ್ನದನ್ನೂ ತೆಗೆಯುತ್ತೇನೆಂದು ಹಟ ಹಿಡಿದಳು. ಆ ಚಿತ್ರವನ್ನು ಮಗಳಿಗೆ ಕಳಿಸಿದೆ. ಹತ್ತು ಹೆಜ್ಜೆಗೊಮ್ಮೆ ಫೋನು ತೆಗೆದು ನೋಡಿದೆ. ಅವಳು ಅದನ್ನು ತೆರೆದೂ ಇರಲಿಲ್ಲ.

ಇಷ್ಟು ದೂರ ಬಂದದ್ದು ಸೂರುಗಳನ್ನು ನೋಡುವುದಕ್ಕೇನು ಎಂಬ ಯೋಚನೆ ಬಂದದ್ದು ಆಗಲೇ. ಬಂದ ಮೇಲೆ ಅದು ಬಿಡಲಿಲ್ಲ. ಅವಳ ಕಾಲೇಜು ಯಾವ ಮೆಟ್ರೋ ಸ್ಟೇಷನ್ನಿನ ಹತ್ತಿರ ಎಂದು ನನಗೆ ಗೊತ್ತಿತ್ತು. ಗೇಟು ನೋಡಿ ಬರೋಣ, ಅಷ್ಟೇ. ಅವಳು ದಿನಾ ಓಡಾಡುವ ರಸ್ತೆ ಹೇಗಿದೆ ನೋಡೋಣ. ಅವಳಿಗೆ ತೊಂದರೆ ಕೊಡುವುದೇನೂ ಬೇಡ. ಹೀಗೆ ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಳ್ಳುತ್ತ ಗುಡ್ಡ ಇಳಿದೆ.

ಕಾಲೇಜಿನ ರಸ್ತೆ ಏರುದಾರಿ. ಎರಡೂ ಕಡೆ ಕಾಫಿ ಅಂಗಡಿ, ಜೆರಾಕ್ಸ್ ಅಂಗಡಿ, ಕನ್ನಡಕದ ಅಂಗಡಿ. ಹಳದಿ ತಿರುಗಿದ ಮರಗಳ ಎಲೆ ಕಾಲಡಿಗೆ ಬಿದ್ದು ಜಾರುತ್ತಿತ್ತು. ಅರ್ಧ ಏರಿ ಸಿಗ್ನಲಿನ ಹತ್ತಿರ ಉಸಿರು ತೆಗೆದುಕೊಳ್ಳಲು ನಿಂತೆ. ಎದುರುಗಡೆ ಒಂದು ಪುಟ್ಟ ತಿಂಡಿ ಅಂಗಡಿ, ಫುಟ್‌ಪಾತಿನ ಮೇಲೆ ಎರಡು ಪ್ಲಾಸ್ಟಿಕ್ ಮೇಜು. ಒಂದರ ಸುತ್ತ ನಾಲ್ಕು ಜನ ಮಕ್ಕಳು ಕೂತಿದ್ದರು. ಬೆನ್ನು ಮಾಡಿದ್ದವಳ ನೀಲಿ ಸ್ವೆಟರು ನಾನು ಮಗಳಿಗೆ ಸ್ಯಾನ್ ಮಟಿಯೋದಲ್ಲಿ ಕೊಡಿಸಿದ್ದು.

ಅವಳು ಮಾತಾಡುತ್ತಿದ್ದಳು. ರಸ್ತೆಯ ಈಚೆಗೂ ಕೇಳುತ್ತಿತ್ತು. ಎರಡು ವರ್ಷ ಕೊರಿಯನ್ ಕ್ಲಾಸಿಗೆ ಹೋಗಿದ್ದಾಳೆ ಎಂದು ಗೊತ್ತಿತ್ತು, ಆದರೆ ಹೀಗೆ ಮಾತಾಡುತ್ತಾಳೆಂದು ಗೊತ್ತಿರಲಿಲ್ಲ. ಕೈ ತಿರುಗಿಸುತ್ತಾಳೆ, ಯಾರನ್ನೋ ಅಣಕಿಸುತ್ತಾಳೆ, ಮಾತು ಸಿಗದಿದ್ದರೆ ಮೇಜು ತಟ್ಟಿ ಹುಡುಕುತ್ತಾಳೆ, ಸಿಕ್ಕ ಕೂಡಲೇ ಮತ್ತೆ ಓಡುತ್ತಾಳೆ. ದನಿಯೇ ಬೇರೆ, ಇನ್ನಷ್ಟು ಸಣ್ಣ, ಇನ್ನಷ್ಟು ಚುರುಕು. ಅಂಗಡಿಯಿಂದ ವಯಸ್ಸಾದ ಹೆಂಗಸು ಒಂದು ತಟ್ಟೆ ತಂದಾಗ ಅರ್ಧ ಎದ್ದು, ತಲೆ ಬಾಗಿಸಿ, ಎರಡೂ ಕೈಯಲ್ಲಿ ತೆಗೆದುಕೊಂಡಳು.

ಮೈಸೂರಿನಿಂದ ಅಜ್ಜಿ ಫೋನ್ ಮಾಡಿದರೆ "ಹೂಂ ಅಜ್ಜಿ, ಚೆನ್ನಾಗಿದೀನಿ" ಎಂದು ಹೇಳಿ ಫೋನನ್ನು ಬಿಸಿ ಪಾತ್ರೆಯ ಹಾಗೆ ನನ್ನ ಕೈಗೆ ದಾಟಿಸುವ ಹುಡುಗಿ ಇವಳು. ದೇವಸ್ಥಾನದ ಭಾನುವಾರದ ಕನ್ನಡ ಕ್ಲಾಸಿಗೆ ಎರಡು ವರ್ಷ ಹೋಗಿ, ಮೂರನೆಯ ವರ್ಷ ಕಾರಿನಿಂದಲೇ ಇಳಿಯಲಿಲ್ಲ. ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ಇಂಗ್ಲಿಷಿನಲ್ಲಿ ಹೇಳುತ್ತಾಳೆ. ಇಪ್ಪತ್ತು ವರ್ಷದಿಂದ ನಮ್ಮ ಮನೆ ನಡೆದಿರುವುದೇ ಹೀಗೆ. ಅವಳಿಗೆ ಭಾಷೆ ಹತ್ತುವುದಿಲ್ಲ ಎಂದುಕೊಂಡು ನಾನು ಸಮಾಧಾನ ಮಾಡಿಕೊಂಡಿದ್ದೆ. ಹತ್ತುತ್ತದೆ. ನನ್ನದು ಹತ್ತಲಿಲ್ಲ, ಅಷ್ಟೇ.

ಸಿಗ್ನಲು ಹಸಿರಾಯಿತು. ಜನ ದಾಟಿದರು. ಕೆಂಪಾಯಿತು, ಮತ್ತೆ ಹಸಿರಾಯಿತು. ಕೂಗಿದ್ದರೆ ಅವಳು ತಿರುಗುತ್ತಿದ್ದಳು. ಆಮೇಲೆ? ಆ ಮಾತು ಅಲ್ಲಿಗೇ ನಿಂತುಹೋಗುತ್ತಿತ್ತು, ಎಲ್ಲರೂ ಎದ್ದು ನಿಂತು ಇಂಗ್ಲಿಷಿಗೆ ಬರುತ್ತಿದ್ದರು. ನಾನು ಕಂಬದ ಪಕ್ಕದಲ್ಲೇ ಉಳಿದೆ. ಅಷ್ಟರಲ್ಲಿ ಅವರೇ ಎದ್ದು, ಚೀಲ ಹೆಗಲಿಗೇರಿಸಿ, ನಗುತ್ತ ಏರು ಹತ್ತಿ ಹೋದರು.

ಹಿಂದೆ ಹೋಗಲಿಲ್ಲ. ರಸ್ತೆ ದಾಟಿ ಆ ಮೇಜಿನ ಮುಂದೆ ಕೂತೆ. ಕುರ್ಚಿ ಇನ್ನೂ ಬೆಚ್ಚಗಿತ್ತೋ, ನನಗೆ ಹಾಗನಿಸಿತೋ.

ಅಂಗಡಿಯ ಹೆಂಗಸು ಮೇಜು ಒರೆಸುತ್ತ ಏನೋ ಕೇಳಿದಳು. ನಾನು ಫೋನಿನ ವಾಕ್ಯ ತೋರಿಸಿದೆ. ಓದುತ್ತಿದ್ದವಳು ನಿಲ್ಲಿಸಿ ನನ್ನ ಮುಖ ನೋಡಿದಳು. ಆಮೇಲೆ ವಾಕ್ಯದ ಹಿಂದೆ ಕಾಣುತ್ತಿದ್ದ ಚಿತ್ರವನ್ನು ನೋಡಿದಳು. ಮಗಳ ಹೈಸ್ಕೂಲು ಮುಗಿದ ದಿನದ ಫೋಟೋ ಅದು. ಏರುದಾರಿಯ ಕಡೆ ಕೈ ತೋರಿಸಿ, ನನ್ನ ಕಡೆ ಬೆರಳು ಮಾಡಿ, "ಒಮ್ಮಾ?" ಎಂದಳು.

"ಹೌದು, ಅಮ್ಮ," ಎಂದೆ.

ಅವಳು ಬಟ್ಟೆ ಎಸೆದು ಒಳಗೆ ಓಡಿದಳು. ತನ್ನ ಫೋನು ತಂದು ಅದರ ಬಾಯಿಗೆ ಏನೋ ಹೇಳಿದಳು. ಫೋನು ಇಂಗ್ಲಿಷಿನಲ್ಲಿ, ಬಸ್ ಸ್ಟ್ಯಾಂಡಿನ ಅನೌನ್ಸ್‌ಮೆಂಟಿನ ದನಿಯಲ್ಲಿ, ನಿನ್ನ ಮಗಳು ದಿನಾ ಬರುತ್ತಾಳೆ, ತುಂಬಾ ಮಾತಾಡುತ್ತಾಳೆ ಎಂದಿತು. ಕಡಲಪಾಚಿಯ ಹಾಳೆಯ ಮೇಲೆ ಅನ್ನ ಹರಡಿ, ಕ್ಯಾರೆಟ್ಟು, ಸೊಪ್ಪು, ಮೂಲಂಗಿ ಇಟ್ಟು ಸುರುಳಿ ಸುತ್ತಿ ಕತ್ತರಿಸಿ ತಂದಿಟ್ಟಳು. ಮತ್ತೆ ಫೋನು: ನಿನ್ನ ಮಗಳಿಗೂ ಹೀಗೆಯೇ ಮಾಡಿಕೊಡುತ್ತೇನೆ, ಮೊಟ್ಟೆ ಇಲ್ಲ, ಮಾಂಸ ಇಲ್ಲ. ಅವಳು ಇಲ್ಲಿಗೆ ಬಂದ ಮೇಲೆ ಏನೇನು ತಿನ್ನುತ್ತಿದ್ದಾಳೋ ಎಂದು ನಾನು ಕೇಳುವುದನ್ನೇ ಬಿಟ್ಟಿದ್ದೆ.

ಉಪ್ಪಿನಕಾಯಿಯಂಥ ಮೂಲಂಗಿಯನ್ನು ತಟ್ಟೆಗೆ ಸುರಿಯತೊಡಗಿದಳು. ನಾನು ಬೇಡ ಎಂದು ಕೈ ಅಡ್ಡ ಹಿಡಿದೆ. ಅವಳಿಗೆ ಏನೋ ನೆನಪಾಗಿ ಮುಖ ಅರಳಿತು. ತಾನೂ ಕೈ ಅಡ್ಡ ಹಿಡಿದು, ತಲೆಯಾಡಿಸಿ, "ಸಾಕು! ಸಾಕು, ಸಾಕು!" ಎಂದಳು.

ನಾನು ಚಮಚ ಕೆಳಗಿಟ್ಟೆ. ಸರಿಯಾಗಿ ಕೇಳಿಸಿತೇ ಎಂದು ಅನುಮಾನವಾಯಿತು. ಅವಳು ಇನ್ನೊಮ್ಮೆ ಹೇಳಿದಳು, ಮಗಳ ಕುರ್ಚಿ ತೋರಿಸಿದಳು, ಅವಳು ತಟ್ಟೆಯ ಮೇಲೆ ಬೋರಲು ಬೀಳುವುದನ್ನು ಅಭಿನಯಿಸಿ ತೋರಿಸಿದಳು. ನಮ್ಮ ಮನೆಯ ಊಟದ ಮೇಜಿನಲ್ಲಿ ಅನ್ನದ ಸೌಟು ಹತ್ತಿರ ಬಂದಾಗ ಅವಳು ಮಾಡುವುದೇ ಅದು. ನನಗೆ ನಗು ಬಂತು, ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು, ಅಂಗಡಿಯವಳು ಖಾರ ಹತ್ತಿತೆಂದು ನೀರು ತರಲು ಹೋದಳು.

ಹೊರಡುವಾಗ ಹೊಸ ಚಿಂತೆ ಹತ್ತಿಕೊಂಡಿತು. ನಾಳೆ ಇವಳು ಮಗಳಿಗೆ ಹೇಳಿಯೇ ಹೇಳುತ್ತಾಳೆ: ನಿನ್ನಮ್ಮ ಬಂದಿದ್ದಳು, ಒಬ್ಬಳೇ ಕೂತು ಅತ್ತಳು. ಅದಕ್ಕೂ ಮೊದಲು ನಾನೇ ಹೇಳಬೇಕು. ಹೇಗೆ ಹೇಳುವುದು? ಮೆಟ್ರೋದಲ್ಲಿ ಹೇಳುವ ಮಾತನ್ನು ಐದಾರು ರೀತಿ ಕಟ್ಟಿದೆ, ಕೆಡವಿದೆ.

ಸಂಜೆ ಮಗಳು ಸ್ಟೇಷನ್ನಿನ ಮೆಟ್ಟಿಲು ಎರಡೆರಡು ಹತ್ತಿಕೊಂಡು ಬಂದಳು. ಅಪ್ಪಿಕೊಂಡು, ಸಾರಿ ಸಾರಿ ಎಂದು, ಒಂದು ತರಕಾರಿ ಊಟದ ಹೋಟೆಲಿಗೆ ಕರೆದೊಯ್ದಳು. ಇಡೀ ದಿನ ಏನು ಮಾಡಿದೆ ಎಂದು ಕೇಳಿದಳು. ನಾನು ಕಡಲು, ಮೀನು, ಸುಟ್ಟ ನಾಲಿಗೆ ಎಲ್ಲ ಹೇಳಿದೆ. ಅವಳು ನಕ್ಕಳು. ಕಟ್ಟಿಕೊಂಡ ಮಾತು ಒಂದೂ ನೆನಪಿಗೆ ಬರಲಿಲ್ಲ.

"ನಿನ್ನ ಕಾಲೇಜ್ ಹತ್ರಾನೂ ಬಂದಿದ್ದೆ," ಎಂದುಬಿಟ್ಟೆ. "ನಿನ್ನ ನೋಡ್ದೆ. ತಿಂಡಿ ಅಂಗಡೀಲಿ."

ಅವಳ ಕೈಯ ಚಮಚ ನಿಂತಿತು. "ವಾಟ್? ಯಾಕೆ ನನ್ನ ಕರೀಲಿಲ್ಲ?"

"ನೀನು ಮಾತಾಡ್ತಾ ಇದ್ದೆ."

"ಅಮ್ಮಾ, ದಟ್ಸ್ ಸೋ ವಿಯರ್ಡ್." ಮುಖ ಕೆಂಪಾಗಿತ್ತು, ಸಿಟ್ಟಿನಿಂದಲೋ ನಾಚಿಕೆಯಿಂದಲೋ. ಮಿಕ್ಕದ್ದನ್ನು ಇಂಗ್ಲಿಷಿನಲ್ಲಿ ಒಂದೇ ಉಸಿರಿಗೆ ಹೇಳಿದಳು: ಅವರಿಗೆಲ್ಲ ನಿನ್ನನ್ನು ನೋಡಬೇಕಂತ ಎಷ್ಟು ಆಸೆಯಿತ್ತು, ಬಂದು ಕೂತಿದ್ದರೆ ಏನಾಗುತ್ತಿತ್ತು, ಕಳ್ಳರ ಹಾಗೆ ನಿಂತು ನೋಡುವುದೇನಿತ್ತು.

ನಾನು ಸುಮ್ಮನಿರಬಹುದಿತ್ತು. ಬೆಳಗಿನಿಂದ ಸುಮ್ಮನಿರಲು ಆಗದವಳು ಆಗ ಹೇಗೆ ಇರಲಿ?

"ಅವ್ರ ಭಾಷೆ ಅಷ್ಟು ಚೆನ್ನಾಗಿ ಮಾತಾಡ್ತೀಯ. ನನ್ನ ಹತ್ರ ಯಾಕೆ ಕನ್ನಡ ಮಾತಾಡಲ್ಲ ಪುಟ್ಟಿ?"

ಅವಳು ಅನ್ನದ ಬಟ್ಟಲನ್ನು ಸ್ವಲ್ಪ ಹೊತ್ತು ತಿರುಗಿಸಿದಳು. ಆಮೇಲೆ ನಿಧಾನವಾಗಿ, ಇಂಗ್ಲಿಷಿನಲ್ಲೇ, ಆದರೆ ನಡುವೆ ಕನ್ನಡದ ಎರಡು ಮಾತಿಟ್ಟು ಹೇಳಿದಳು. "ಇಲ್ಲಿ ನಾನು ತಪ್ಪು ಮಾತಾಡಿದರೆ ಎಲ್ಲರೂ ವಾವ್ ಅಂತಾರೆ. ಅಲ್ಲಿ ಎಲ್ಲರೂ ನಗ್ತಾರೆ. ನೆನಪಿದೆಯಾ, 'ತಾತ ಬಂದ್ಲು'?"

ನೆನಪಿತ್ತು. ಅವಳಿಗೆ ಒಂಬತ್ತು ವರ್ಷ, ಮೈಸೂರಿನ ಮನೆ ತುಂಬ ನೆಂಟರು. ಬಾಗಿಲಿಗೆ ಓಡಿ ಹೋಗಿ "ತಾತ ಬಂದ್ಲು, ತಾತ ಬಂದ್ಲು" ಎಂದು ಕೂಗಿದ್ದಳು. ಮನೆಮಂದಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ನನ್ನ ಅಣ್ಣ ಇಂದಿಗೂ ಫೋನಿನಲ್ಲಿ ಅವಳು ಸಿಕ್ಕರೆ ಮೊದಲು ಕೇಳುವುದು, "ಏನಮ್ಮಾ, ತಾತ ಬಂದ್ಲಾ?" ನಮಗೆಲ್ಲ ಅದು ಮುದ್ದಿನ ಮಾತು.

"ಕೊರಿಯನ್‌ನಲ್ಲಿ ಬಂದ, ಬಂದ್ಲು ಇಲ್ಲ," ಎಂದಳು. "ಯಾರು ಬಂದ್ರೂ ಒಂದೇ. ದೊಡ್ಡೋರು, ಚಿಕ್ಕೋರು ಅಂತ ಮಾತ್ರ ಇದೆ. ಅದು ನಂಗೆ ಈಸಿ. ಬಾ, ಬನ್ನಿ. ಕ್ಲಾಸಲ್ಲಿ ಬೇರೆ ಅಮೆರಿಕನ್ಸ್‌ಗೆಲ್ಲ ಅದು ಅರ್ಥಾನೇ ಆಗಲ್ಲ, ನಂಗೆ ಫಸ್ಟ್ ಡೇ ಅರ್ಥ ಆಯ್ತು."

ಎಷ್ಟೋ ವರ್ಷಗಳಲ್ಲಿ ಅವಳ ಬಾಯಿಂದ ನಾನು ಕೇಳಿದ ಅತಿ ಉದ್ದದ ಕನ್ನಡ ಅದು. ಕನ್ನಡದಲ್ಲಿ ಹೇಳುತ್ತಿದ್ದೇನೆಂಬುದು ಅವಳಿಗೇ ಗೊತ್ತಿದ್ದ ಹಾಗಿರಲಿಲ್ಲ. ಗೊತ್ತುಮಾಡಲು ನಾನೂ ಹೋಗಲಿಲ್ಲ. "ಅಣ್ಣನಿಗೆ ಹೇಳ್ತೀನಿ, ಇನ್ಮೇಲೆ ಹಾಗನ್ನಬಾರ್ದು ಅಂತ," ಎಂದೆ. "ಬೇಡ ಬೇಡ, ಪಾಪ ಮಾವ," ಎಂದಳು.

ಊಟವಾದ ಮೇಲೆ ಅವಳು ಮತ್ತೆ ಪ್ರೆಸೆಂಟೇಶನ್ನಿಗೆ ಓಡಬೇಕಿತ್ತು. ಮೆಟ್ರೋ ಗೇಟಿನ ಹತ್ತಿರ ತಿರುಗಿ, ಒಂದೊಂದೇ ಮಾತು ಹುಡುಕಿಕೊಂಡು, "ನಾಳೆ ಊಟಕ್ಕೆ ಅಲ್ಲಿಗೇ ಬಾ. ಫ್ರೆಂಡ್ಸ್ ಎಲ್ಲಾ ನಿಂಗೋಸ್ಕರ ಕಾಯ್ತಾಳೆ," ಎಂದಳು.

ಕಾಯ್ತಾರೆ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. "ಬರ್ತೀನಿ. ಎಷ್ಟೊತ್ತಿಗೆ?" ಎಂದು ಕೇಳಿದೆ.

ಅವಳು ಹೋದ ಮೇಲೆ ಮತ್ತೆ ಅದೇ ತಳಮಳ ಶುರುವಾಯಿತು. ನಾಳೆ ಆ ಮಕ್ಕಳ ಮುಂದೆ ಏನು ಮಾತಾಡಲಿ, ಪಾಕ ಬಿದ್ದ ಜಾಕೆಟ್ಟು ಬಿಟ್ಟರೆ ಏನು ಹಾಕಿಕೊಳ್ಳಲಿ, ಬರಿಗೈಯಲ್ಲಿ ಹೇಗೆ ಹೋಗಲಿ. ದಾರಿಯ ಹಣ್ಣಿನಂಗಡಿಯಲ್ಲಿ ಒಂದು ಬುಟ್ಟಿ ಕಿತ್ತಳೆ ತೆಗೆದುಕೊಂಡೆ. ಹತ್ತು ಹೆಜ್ಜೆ ನಡೆದು, ಹುಳಿಯಿದ್ದರೇನು ಗತಿ ಎಂದು ಒಂದನ್ನು ಸುಲಿದು ಬಾಯಿಗೆ ಹಾಕಿದೆ. ಸಿಹಿಯಾಗಿತ್ತು. ಆದರೂ ಆ ವಯಸ್ಸಿನ ಮಕ್ಕಳು ಎಷ್ಟು ತಿನ್ನುತ್ತಾರೋ, ಕಮ್ಮಿ ಬಿದ್ದರೆ ಮರ್ಯಾದೆಯೇ ಎಂದುಕೊಂಡು, ಇನ್ನೊಂದು ಬುಟ್ಟಿಗೆಂದು ತಿರುಗಿ ಅಂಗಡಿಗೆ ಹೋದೆ.